ಸಾಯುವವನು ಯಾವ ಪಕ್ಷ?

ಕುವೈತ್‌ನ ನಮ್ಮ ಕನ್ನಡ ಸಂಘದಲ್ಲಿ ಪಕ್ಷಗಳು ಎರಡೇ. ಮೂರನೆಯದನ್ನು ಕಟ್ಟುವಷ್ಟು ರಜೆ ಯಾರಿಗೂ ಇಲ್ಲ. ಬ್ನೇದ್ ಅಲ್ ಗಾರ್‌ನ ಒಂದೇ ಕಟ್ಟಡದಲ್ಲಿದ್ದರೂ ಇವರಿರುವ ಲಿಫ್ಟನ್ನು ಅವರು ಹತ್ತುವುದಿಲ್ಲ.

ಕಳೆದ ವರ್ಷ ವಾರ್ಷಿಕೋತ್ಸವಕ್ಕೆ ಹಾಲ್ ಸಿಕ್ಕಿದ್ದು ಒಂದೇ ದಿನ. ವಿಧಿಯಿಲ್ಲದೆ ಎಲ್ಲರೂ ಕೂಡಿ ಯಕ್ಷಗಾನ ಆಡುವುದೆಂದಾಯಿತು. ಎಲ್ಲವೂ ಸಮಪಾಲು: ಚೆಂಡೆ ನಮ್ಮದು, ಮದ್ದಳೆ ಅವರದು, ಪಲಾವ್ ನಮ್ಮದು, ಪಾಯಸ ಅವರದು. ರಾಜನ ವೇಷ ಅವರ ಅಧ್ಯಕ್ಷರಿಗೆ, ಅಸುರನ ವೇಷ ನನಗೆ. ಕೊನೆಗೆ ಒಬ್ಬ ಸಾಯಬೇಕಾಗುತ್ತದೆ ಎಂಬುದು ಅಷ್ಟೂ ಮಾತುಕತೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ನಾನು ಮುಖಕ್ಕೆ ಬಣ್ಣ ಹಚ್ಚಿಕೊಂಡ ಮೇಲೆ. ನಮ್ಮ ಪಕ್ಷದ ಹಿರಿಯರು ಓಡಿ ಬಂದು, ಮುಂದಿನ ತಿಂಗಳು ಸಂಘದ ಚುನಾವಣೆ ಇದೆ, ಅವರ ಕೈಯಲ್ಲಿ ಸತ್ತು ಬಿದ್ದರೆ ಮಾನ ಹೋಗುತ್ತದೆ, ಬೀಳಕೂಡದು ಎಂದು ಅಪ್ಪಣೆ ಕೊಡಿಸಿದರು. ನಾನೂ ಹುಂಬ, ಹೂಂ ಎಂದೆ.

ರಾಜರು ಹೊಡೆದರು, ಬೀಳಲಿಲ್ಲ. ಇನ್ನೊಮ್ಮೆ ಹೊಡೆದರು, ಆಗಲೂ ಬೀಳಲಿಲ್ಲ. ಭಾಗವತರು ಅದೇ ಪದವನ್ನು ಮತ್ತೆ ಮತ್ತೆ ಹಾಡಿ ಗಂಟಲು ಕಟ್ಟಿಕೊಂಡರು. ಹಾಲ್ ಕಾಯುವವನು ಹೊತ್ತು ಮುಗಿಯಿತೆಂದು ಖಲಾಸ್, ಖಲಾಸ್ ಎನ್ನುತ್ತ ದೀಪದ ಸ್ವಿಚ್ಚಿನ ಮೇಲೆ ಕೈಯಿಟ್ಟ.

ಆಗ ಪರದೆಯ ಸಂದಿಯಲ್ಲಿ ನನ್ನ ಮಗಳು ಕಂಡಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ದೂತನ ವೇಷ ಅವಳದು; 'ಅಸುರ ಸತ್ತನು, ನಮ್ಮ ರಾಜರು ಗೆದ್ದರು' ಎಂಬ ಒಂದೇ ಮಾತನ್ನು ವಾರಗಟ್ಟಲೆ ಬಾಯಿಪಾಠ ಮಾಡಿದ್ದಳು. ನಾನು ಸಾಯದೆ ಅವಳಿಗೆ ಪ್ರವೇಶವಿಲ್ಲ. ದೀಪ ಆರಿದರೆ ಆ ಮಾತು ಅವಳ ಬಾಯಲ್ಲೇ ಉಳಿಯುತ್ತದೆ.

ರಾಜರೂ ಅತ್ತ ನೋಡಿದರು. ಕುಣಿಯುತ್ತಲೇ ಹತ್ತಿರ ಬಂದು, ಏದುಸಿರು ಬಿಡುತ್ತ, "ಬೀಳಿ ಮಾರಾಯ್ರೆ, ಮಗು ಕಾಯ್ತಾ ಉಂಟು" ಎಂದರು.

"ನಿಮ್ಮ ಕೈಯಲ್ಲಿ ಬಿದ್ರೆ ನಮ್ಮವರು ನನ್ನನ್ನು ಬಿಡ್ಲಿಕ್ಕಿಲ್ಲ," ಎಂದೆ.

"ಹಾಗಾದ್ರೆ ಒಟ್ಟಿಗೆ ಬೀಳುವ."

ಇಬ್ಬರೂ ದೊಪ್ಪೆಂದು ಬಿದ್ದೆವು. ಎರಡೂ ಪಕ್ಷದವರು ಬಾಯಿ ಬಿಟ್ಟುಕೊಂಡು ನೋಡಿದರು.

ಮಗಳು ಓಡಿ ಬಂದಳು. ನನ್ನನ್ನು ನೋಡಿದಳು, ರಾಜರನ್ನು ನೋಡಿದಳು. ಕಲಿತ ಮಾತು ಇಲ್ಲಿ ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಸಭೆಗೆ ಕೈಮುಗಿದು ಹೇಳಿದಳು: "ಇಬ್ರೂ ಸತ್ರು. ಇನ್ನು ಎಲ್ಲರೂ ಊಟ ಮಾಡುವ."

ಯಾರೂ ಕಲಿಸದ ಕನ್ನಡ. ಎರಡೂ ಪಕ್ಷದವರು ಒಟ್ಟಿಗೆ ಎದ್ದು, ಚಪ್ಪಾಳೆ ತಟ್ಟಿ, ಊಟದ ಕಡೆ ಹೊರಟರು. ನನಗೆ ಅಳು ಒತ್ತರಿಸಿ ಬಂತು. ಸತ್ತವನು ಕಣ್ಣೊರೆಸಿಕೊಳ್ಳುವುದು ಹೇಗೆ? ಪಕ್ಕದ ಹೆಣ ಮೆಲ್ಲಗೆ ಕೈ ಚಾಚಿ, ತನ್ನ ಶಲ್ಯವನ್ನು ನನ್ನ ಮುಖದ ಮೇಲೆ ಎಳೆಯಿತು.