ಎರಡು ಸಲ ಸುತ್ತಿದವಳು

ಸ್ವಾವಾಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮೂವತ್ತೈದು ವರ್ಷ ಐಸ್‌ಲ್ಯಾಂಡಿನ ಜನ ಕಾರು ಹೊರಗೆ ತೆಗೆಯುವ ಮುಂಚೆ ಕೇಳುತ್ತಿದ್ದದ್ದು ಅವಳನ್ನೇ. ಯಾವ ಘಟ್ಟದಲ್ಲಿ ಹಿಮ ಬಿದ್ದಿದೆ, ಯಾವ ಸೇತುವೆ ಜಾರುತ್ತದೆ, ಎಲ್ಲಿ ಬಾಗಿಲು ತೆರೆದರೆ ಗಾಳಿ ಬಾಗಿಲನ್ನೇ ಕಿತ್ತುಕೊಂಡು ಹೋಗುತ್ತದೆ ಎಂದು ರಸ್ತೆ ವಿಚಾರಣೆಯ ಫೋನಿನಲ್ಲಿ ಹೇಳುವುದು ಅವಳ ಕೆಲಸವಾಗಿತ್ತು. ನಿವೃತ್ತಳಾಗಿ ವರ್ಷಗಳಾದ ಮೇಲೂ ಬೇಕರಿಯಲ್ಲಿ ಅವಳು ಒಂದು ಬ್ರೆಡ್ಡು ಕೇಳಿದರೆ ಸಾಲಿನಲ್ಲಿದ್ದವರು ದನಿಯ ಗುರುತು ಹಿಡಿದು ತಿರುಗಿ ನೋಡುತ್ತಿದ್ದರು. ಒಮ್ಮೆ ಒಬ್ಬ ಜಗಳಕ್ಕೇ ನಿಂತ. ಹೋಲ್ಟಾವೋರ್ದು ಘಟ್ಟ ಮುಚ್ಚಿದೆ ಎಂದು ಇವಳು ಹೇಳಿದ ಮಾತು ನಂಬಿ ಅವನು ತನ್ನ ಮದುವೆಗೇ ಒಂದು ದಿನ ತಡವಾಗಿ ಹೋಗಿದ್ದನಂತೆ. ಹೆಂಡತಿ ಈಗಲೂ ಜೊತೆಗಿದ್ದಾಳಾ ಎಂದು ಸ್ವಾವಾ ವಿಚಾರಿಸಿದಳು. ಇದ್ದಾಳೆ ಎಂದ. ಹಾಗಾದರೆ ನಿನ್ನ ಬ್ರೆಡ್ಡಿನ ಜೊತೆ ನನ್ನದಕ್ಕೂ ನೀನೇ ದುಡ್ಡು ಕೊಡು ಎಂದಳು. ಅವನು ಕೊಟ್ಟ.

ಈ ಕತೆಯನ್ನು ಅವಳು ರಾಜಧಾನಿಯ ಪಕ್ಕದ ಕೋಪಾವೋಗುರ್ ಊರಿನ ಈಜುಕೊಳದ ಬಿಸಿನೀರ ತೊಟ್ಟಿಯಲ್ಲಿ ಕೂತು ಕತ್ತಿನವರೆಗೆ ಮುಳುಗಿಕೊಂಡು ಹೇಳಿದಾಗ ಎದುರಿಗೆ ದಾಗ್ನಿಯೂ ಓರ್ಮುರನೂ ಇದ್ದರು. ದಾಗ್ನಿ ಶಾಲೆಯೊಂದರಲ್ಲಿ ಅಡುಗೆಯವಳಾಗಿದ್ದವಳು, ಹುಟ್ಟಿದ್ದು ಪೂರ್ವ ತೀರದ ಡ್ಯೂಪಿವೋಗುರಿನಲ್ಲಿ. ಓರ್ಮುರ್ ಕೊಳಾಯಿ ಕೆಲಸದವನು. ಕೆಲಸ ಬಿಟ್ಟರೂ ಯಾರ ಮನೆಗೆ ಹೋದರೂ ನಲ್ಲಿ ತಿರುಗಿಸಿ ನೋಡದೆ ಕೂರುತ್ತಿರಲಿಲ್ಲ. ಮೂವರೂ ಒಂಟಿ ಜೀವಗಳು. ಬೆಳಿಗ್ಗೆ ಏಳಕ್ಕೆ ತೊಟ್ಟಿ, ಎಂಟಕ್ಕೆ ಕೊಳದವರು ಇಟ್ಟಿರುವ ಪುಕ್ಕಟೆ ಕಾಫಿ, ಆಮೇಲೆ ಅವರವರ ದಾರಿ. ಮಳೆಯಾದರೂ ಹಿಮವಾದರೂ ಇದು ತಪ್ಪುತ್ತಿರಲಿಲ್ಲ.

ಆ ತೊಟ್ಟಿಯಲ್ಲಿ ಆರು ವರ್ಷದಿಂದ ಬೇಯುತ್ತಿದ್ದ ಯೋಜನೆ ಒಂದಿತ್ತು. ಓರ್ಮುರನ ಜೀಪಿನಲ್ಲಿ ಮೂವರೂ ದ್ವೀಪವನ್ನು ಒಂದು ಸುತ್ತು ಬರುವುದು. ಹೋಗುವುದು ಒಂದೇ ರಸ್ತೆ, ದ್ವೀಪದ ಅಂಚಿನಲ್ಲಿ ಬಳೆಯ ಹಾಗೆ ಸುತ್ತಿಕೊಂಡಿರುವುದು. ಅದರಲ್ಲಿ ಪ್ರದಕ್ಷಿಣೆಯಾಗಿ ಹೋಗಬೇಕೋ ಅಪ್ರದಕ್ಷಿಣೆಯಾಗಿ ಹೋಗಬೇಕೋ ಎನ್ನುವುದಷ್ಟೇ ಜಗಳ. ಇಂಥ ವಿಷಯದಲ್ಲಿ ಸ್ವಾವಾಳ ಮಾತೇ ಕೊನೆಯದು. ಯಾಕೆಂದರೆ ಅವಳು ಎರಡು ಸಲ ಸುತ್ತಿ ಬಂದವಳು, ಒಂದು ಸಲ ಆ ಕಡೆಯಿಂದ, ಒಂದು ಸಲ ಈ ಕಡೆಯಿಂದ. ಓರ್ಮುರ್ ಪ್ರತಿ ವರ್ಷವೂ ಭಕ್ತಿಯಿಂದ, ಎರಡರಲ್ಲಿ ಯಾವುದು ಚೆಂದ ಎಂದು ಕೇಳುತ್ತಿದ್ದ. ಅವಳು ಪ್ರತಿ ವರ್ಷವೂ ಬೇರೆ ಬೇರೆ ಉತ್ತರ ಕೊಡುತ್ತಿದ್ದಳು.

ಹೊರಡುವ ದಿನ ಮಾತ್ರ ಕೂಡಿಬರುತ್ತಿರಲಿಲ್ಲ. ಮೇ ತಿಂಗಳೆಂದರೆ ಕುರಿಮರಿಗಳು ರಸ್ತೆಗೆ ಬರುತ್ತವೆ ಎನ್ನುವಳು. ಜುಲೈ ಎಂದರೆ ಅಡ್ಡಾದಿಡ್ಡಿ ಓಡಿಸುವ ಪರದೇಶದವರ ಮನೆಗಾಡಿಗಳು. ಸೆಪ್ಟೆಂಬರಿನಲ್ಲಿ ಅದೇ ಮರಿಗಳು ದೊಡ್ಡ ಕುರಿಗಳಾಗಿ ಬೆಟ್ಟದಿಂದ ಇಳಿಯುತ್ತವೆ. ಅಕ್ಟೋಬರಿನಿಂದಾಚೆಗೆ ಗಾಳಿ. ನಡುವೆ ಅವಳು ವಿಮಾನ ಹತ್ತಿ ಬಿಸಿಲಿನ ಟೆನೆರಿಫೆಗೆ ಏಳು ಸಲ ಹೋಗಿಬಂದಳು. ಅಲ್ಲಿ ತಿಂದ ಒಂದೊಂದು ತಟ್ಟೆಯನ್ನೂ ತೊಟ್ಟಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು.

ಹೋದ ಶರತ್ಕಾಲದಲ್ಲಿ ಡಾಕ್ಟರು ಅವಳ ಹೃದಯ ದಣಿದಿದೆ ಎಂದರು. ದಾಗ್ನಿ ಅಂದು ಕಾಫಿ ಬಟ್ಟಲು ಕೆಳಗಿಟ್ಟು, ಬರುವ ಜೂನ್ ಹನ್ನೆರಡು, ಕುರಿ ಅಡ್ಡ ಬಂದರೂ ಸರಿ ಗಾಳಿ ಬಂದರೂ ಸರಿ ಎಂದಳು. ಶಾಲೆಯ ಊಟದ ಮನೆಯಲ್ಲಿ ಮುನ್ನೂರು ಮಕ್ಕಳನ್ನು ಸುಮ್ಮನಾಗಿಸಿದ ದನಿ ಅದು.

ಜನವರಿಯ ಒಂದು ಭಾನುವಾರ ದಾಗ್ನಿಯ ಮನೆಯಲ್ಲಿ ನಕ್ಷೆ ಹರಡಿ ಕೂತರು. ಒಂದು ಮೂಲೆಗೆ ಸಕ್ಕರೆ ಡಬ್ಬಿ, ಇನ್ನೊಂದಕ್ಕೆ ಹೊಗೆ ಹಾಕಿದ ಕುರಿಮಾಂಸದ ತಟ್ಟೆ. ಓರ್ಮುರ್ ಮೊದಲು ನಲ್ಲಿ ನೋಡಿ ಬಂದ. ಅವನಿಗೆ ಗುಡಾರದಲ್ಲಿ ಮಲಗುವ ಆಸೆ. ಹೆಂಗಸರಿಬ್ಬರೂ, ಬೇಕಾದರೆ ನೀನು ಜೀಪಿನ ಅಡಿಯಲ್ಲಿ ಮಲಗು, ನಮಗೆ ಮಂಚ ಬೇಕು ಎಂದರು. ದಕ್ಷಿಣದಿಂದ ಶುರು ಮಾಡಿ ಪೂರ್ವಕ್ಕೆ ತಿರುಗುವುದು, ಅಂದರೆ ಅಪ್ರದಕ್ಷಿಣೆ, ಎಂದು ತೀರ್ಮಾನವಾಯಿತು. ಊರೂರಿಗೂ ಸ್ವಾವಾಳ ಟಿಪ್ಪಣಿ ತಯಾರಿತ್ತು. ಇಲ್ಲಿ ಬೆಟ್ಟದ ಕಡೆಯಿಂದ ಗಾಳಿ ನುಗ್ಗುತ್ತದೆ, ಇಲ್ಲಿ ಮರಳು ಎದ್ದು ಕಾರಿನ ಬಣ್ಣ ಕೆರೆಯುತ್ತದೆ, ಇಲ್ಲಿ ಮಂಜು. ಕೇಳುತ್ತ ಕೇಳುತ್ತ ದಾಗ್ನಿಗೆ, ಇದು ನಾವು ನೋಡಲು ಹೋಗುವ ದ್ವೀಪವೋ ತಪ್ಪಿಸಿಕೊಂಡು ಓಡಬೇಕಾದ ದ್ವೀಪವೋ ಎನ್ನಿಸಿತು.

ಹಿಮನದಿಯ ಸರೋವರದ ಹತ್ತಿರ ಬಂದಾಗ ಓರ್ಮುರ್ ಮೊಮ್ಮಕ್ಕಳು ಕೊಡಿಸಿದ ಕ್ಯಾಮೆರಾದ ಮಾತೆತ್ತಿದ. ದಾಗ್ನಿ ಓಡಿಸುವಾಗ ತಾನು ಯಾವ ಕಡೆ ಕೂರಬೇಕು?

"ಬಲಗಡೆ ಕೂತ್ಕೋ," ಎಂದಳು ಸ್ವಾವಾ, ತಡವರಿಸದೆ. "ಸರೋವರ ಬಲಗಡೆ ಬರತ್ತೆ."

ದಾಗ್ನಿ ನಲವತ್ತು ಬೇಸಿಗೆ ಆ ಸರೋವರದ ಬಾಯಿಗಿರುವ ಸೇತುವೆ ದಾಟಿ ತವರಿಗೆ ಹೋದವಳು. ಪೂರ್ವಕ್ಕೆ ಹೋಗುವಾಗ ಸರೋವರ ಎಡಗಡೆ. ಬಲಗಡೆ ಇರುವುದು ಸಮುದ್ರ. ಒಂದು ಸಲ ಆ ಸೇತುವೆ ದಾಟಿದ ಕೂಸಿಗೂ ಇದು ಮರೆಯುವುದಿಲ್ಲ. ಅವಳು ಸ್ವಾವಾಳ ಮುಖ ನೋಡಿದಳು. ಅಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಆಗ ದಾಗ್ನಿಗೆ ಇನ್ನೊಂದು ಹೊಳೆಯಿತು. ಇಷ್ಟು ವರ್ಷದಲ್ಲಿ ಇವಳ ಬಾಯಿಂದ ಒಂದು ಊರಿನ ಬಣ್ಣ ಬಂದದ್ದಿಲ್ಲ, ಒಂದು ಬೆಟ್ಟದ ಆಕಾರ ಬಂದದ್ದಿಲ್ಲ.

"ಮಂಜುಗಡ್ಡೆ ಸೇತುವೆ ಕೆಳಗಿಂದ ತೇಲಿ ಸಮುದ್ರಕ್ಕೂ ಹೋಗತ್ತೆ," ಎಂದಳು ದಾಗ್ನಿ. "ಯಾವ ಕಡೆ ಕೂತರೂ ಕಾಣತ್ತೆ ಬಿಡು."

ಅದು ಸುಳ್ಳೇನಲ್ಲ. ಓರ್ಮುರ್ ಕ್ಲೇನುರ್ ಎಂಬ ಕರಿದ ತಿಂಡಿಗೆ ಕೈ ಚಾಚಿದ. ಸ್ವಾವಾ ಮಾತ್ರ ದಾಗ್ನಿಯನ್ನೇ ನೋಡುತ್ತಿದ್ದಳು.

ಮರುದಿನ ಕೊಳದಿಂದ ಹೊರಟಾಗ ಅವಳು ತನ್ನ ಬಸ್ಸನ್ನು ಬಿಟ್ಟು ದಾಗ್ನಿಯ ಜೊತೆ ನಡೆದಳು. ಅರ್ಧ ದಾರಿಯಲ್ಲಿ ಕೇಳಿದಳು.

"ಸರೋವರ ಎಡಗಡೆಯಾ?"

"ಎಡಗಡೆ."

"ಥೂ," ಎಂದಳು ಸ್ವಾವಾ. "ಮೂವತ್ತೈದು ವರ್ಷದಲ್ಲಿ ಒಬ್ಬನಾದ್ರೂ ಫೋನ್ ಮಾಡಿ ಅದನ್ನ ಕೇಳಿದ್ರೆ ಗೊತ್ತಾಗ್ತಿತ್ತು."

ಆಮೇಲೆ ಎಲ್ಲವೂ ಬಂತು. ಪೂರ್ವಕ್ಕೆ ಸೆಲ್ಫೋಸಿನಿಂದ ಆಚೆ, ಉತ್ತರಕ್ಕೆ ಬೋರ್ಗಾರ್ನೆಸಿನಿಂದ ಆಚೆ, ಅಂದರೆ ಮನೆಯಿಂದ ಒಂದು ಗಂಟೆಯ ದಾರಿಯಾಚೆ, ಅವಳು ಕಾಲಿಟ್ಟವಳೇ ಅಲ್ಲ. ಗಂಡ ಮೀನು ಹಡಗಿನಲ್ಲಿ ಇದ್ದ ಕಾಲ, ಮಗಳು ಉನ್ನುರಿಗೆ ಮೂರು ವರ್ಷ, ಕೆಲಸ ಬೇಕೇ ಬೇಕಿತ್ತು. ಸಂದರ್ಶನದಲ್ಲಿ ದ್ವೀಪ ಸುತ್ತಿದ್ದೀಯಾ ಎಂದು ಕೇಳಿದರು. ಒಂದು ಸಲ ಎಂದರೆ ಸಾಲದೇನೋ ಎಂದುಕೊಂಡು ಎರಡು ಸಲ ಎಂದಳು. ಒಂದು ಸುಳ್ಳು ಕಾಯಲು ಹತ್ತು ಸುಳ್ಳು ಬೇಕು ಎಂಬ ಹಾಗೆ, ಯಾವ ಕಡೆಯಿಂದ ಎಂದು ಕೇಳಿದಾಗ ಎರಡೂ ಕಡೆಯಿಂದ ಎಂದಳು. ಆಮೇಲೆ ನಿಜವಾಗಿ ಹೋಗಬಹುದಿತ್ತು. ಆದರೆ ಯಾರ ಜೊತೆ ಹೋದರೂ ಮೊದಲ ತಿರುವಿನಲ್ಲೇ ಸಿಕ್ಕಿಬೀಳುತ್ತಾಳೆ. ಕಾರು ಓಡಿಸಲು ಬಾರದವಳು ಒಬ್ಬಳೇ ಹೋಗುವುದು ಹೇಗೆ?

ಈಗ ಓರ್ಮುರನಿಗೂ ಹೇಳಿಬಿಡು, ನಕ್ಕು ಮುಗಿಸೋಣ ಎಂದಳು ದಾಗ್ನಿ. ಸ್ವಾವಾ ರಸ್ತೆಯಲ್ಲೇ ನಿಂತುಬಿಟ್ಟಳು.

"ಅವನಿಗಾ? ನನಗೆ ಲೈಸೆನ್ಸ್ ಇಲ್ಲ ಅಂತ ಆರು ವರ್ಷದಿಂದ ಆಡ್ಕೋತಿದಾನೆ. ಇದು ಗೊತ್ತಾದ್ರೆ ತೊಟ್ಟಿಗೆ ಬರೋ ಪ್ರತಿಯೊಬ್ಬನಿಗೂ ಹೇಳ್ತಾನೆ. ನಾನು ಏನು ಕಣೇ ಆಮೇಲೆ? ನನ್ನ ಹತ್ರ ಇರೋದು ಅದೊಂದೇ. ಜನ ನನ್ನ ಮಾತು ನಂಬ್ತಾರೆ ಅನ್ನೋದು."

ಅವಳು ನಗುತ್ತಿರಲಿಲ್ಲ. ದಾಗ್ನಿ ಕೈ ಹಿಡಿದು ರಸ್ತೆ ದಾಟಿಸಿದಳು. ದಾಟುವಷ್ಟರಲ್ಲಿ ಸ್ವಾವಾ ಉಪಾಯ ಹೂಡಿ ಆಗಿತ್ತು. ಜೂನ್ ಬರುವಷ್ಟರಲ್ಲಿ ದಾಗ್ನಿ ಅವಳಿಗೆ ಇಡೀ ದ್ವೀಪವನ್ನು ಬಾಯಿಪಾಠ ಮಾಡಿಸಬೇಕು. ಯಾವ ಕಡೆ ಏನು ಕಾಣುತ್ತದೆ, ಯಾವ ಬಣ್ಣ, ಯಾವ ವಾಸನೆ. ಜೀಪಿನಲ್ಲಿ ಕೂತಾಗ ಅವಳು ಎರಡು ಸಲ ಬಂದವಳ ಹಾಗೆಯೇ ಬೇಸರದಿಂದ ಆಕಳಿಸಬೇಕು.

ಅಂದಿನಿಂದ ದಿನಾ ಮಧ್ಯಾಹ್ನ ನಾಲ್ಕಕ್ಕೆ ದಾಗ್ನಿಯ ಫೋನು ಹೊಡೆದುಕೊಳ್ಳುತ್ತಿತ್ತು. "ಹಾದಿ ಹೇಗಿದೆ?" ಎನ್ನುವಳು ಸ್ವಾವಾ, ತನ್ನನ್ನು ಜನ ಕೇಳುತ್ತಿದ್ದ ಹಾಗೆಯೇ. ದಾಗ್ನಿ ಹಿಂದಿನ ದಿನ ಬಿಟ್ಟಲ್ಲಿಂದ ಹಿಡಿಯುವಳು. ಆದರೆ ಅವಳದು ಅಡುಗೆಯವಳ ಕಣ್ಣು. ವೀಕ್ ಊರಿನ ಕಪ್ಪು ಮರಳು ಸೋಸಿ ಉಳಿದ ಕಾಫಿ ಚರಟ. ಹಿಮನದಿ ತಣ್ಣಗಾದ ಸಾರಿನ ಮೇಲೆ ಕಟ್ಟಿದ ಕೊಬ್ಬು. ಡ್ಯೂಪಿವೋಗುರಿನ ಬೆಟ್ಟ ಚೂಪಾಗಿ ಕತ್ತರಿಸಿಟ್ಟ ಗಿಣ್ಣು.

"ನೀನು ಊಟ ಮಾಡಿ ಫೋನ್ ಎತ್ತು ಕಣೇ," ಎಂದಳು ಸ್ವಾವಾ. "ನನ್ನ ದ್ವೀಪ ಪೂರ್ತಿ ತಿಂದುಹಾಕ್ತಿದೀಯ."

ಅವಳೂ ಸುಮ್ಮನೆ ಕೇಳುತ್ತಿರಲಿಲ್ಲ. ದಾಗ್ನಿ ಹುಟ್ಟಿದ ಊರಿನ ಬಗ್ಗೆಯೇ ದಾಗ್ನಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಚಳಿಗಾಲದಲ್ಲಿ ಹಿಮಸಾರಂಗಗಳು ರಸ್ತೆಗೆ ಇಳಿಯುವುದು ಯಾವ ತಿರುವಿನಲ್ಲಿ, ಮೀನಿನ ಲಾರಿಯವರು ಗಾಳಿ ನಿಲ್ಲಲಿ ಎಂದು ಕಾಯುತ್ತ ನಿಲ್ಲುವುದು ಯಾವ ಬಂಡೆಯ ಮರೆಗೆ. ಎಲ್ಲ ಯಾರೋ ಫೋನಿನಲ್ಲಿ ಹೇಳಿದ್ದು. ಒಂದು ದಿನ ದಾಗ್ನಿಗೆ, ನೋಡಿದವಳು ನಾನು, ಆದರೆ ಊರನ್ನು ಕಾವಲು ಕಾದವಳು ಇವಳೇ ಎನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಸ್ವಾವಾ ಅದನ್ನೂ ಆಡಿಕೊಳ್ಳುತ್ತಿದ್ದಳು.

ಪಾಠದ ಫಲ ತೊಟ್ಟಿಯಲ್ಲಿ ಕಾಣತೊಡಗಿತು. ಕೇಳದಿದ್ದರೂ ಸ್ವಾವಾ ವೀಕ್ ಊರಿನ ಮರಳು ಕಾಫಿ ಚರಟದ ಹಾಗಿರುತ್ತದೆ ಎನ್ನುವಳು. ಓರ್ಮುರ್ ಗಂಭೀರವಾಗಿ ತಲೆ ಆಡಿಸುವನು. ಡ್ಯೂಪಿವೋಗುರಿನ ಬೆಟ್ಟ ಹೇಗಿದೆ ಎಂದು ಅವನು ಕೇಳಿದಾಗ ಗಿಣ್ಣಿನ ಹಾಗೆ ಎಂದಳು. ದಾಗ್ನಿ ನಗು ತಡೆಯಲಾರದೆ ನೀರಲ್ಲಿ ಮುಳುಗಬೇಕಾಯಿತು.

ಏಪ್ರಿಲ್ ಹೊತ್ತಿಗೆ ಫೋನಿನಲ್ಲಿ ಪೂರ್ವದಲ್ಲಿ ಬೆಟ್ಟಗಳ ನಡುವೆ ನುಗ್ಗಿದ ಕಡಲಕವಲುಗಳು ಮುಗಿದು, ಎತ್ತರದ ಬೋಳು ಬಯಲು ದಾಟಿ ಮೀವಾಟ್ನ್ ಸರೋವರಕ್ಕೆ ಬಂದಿದ್ದರು. ಅಲ್ಲಿಂದಾಚೆ ದಾಗ್ನಿಗೂ ಅಷ್ಟು ಪರಿಚಯವಿಲ್ಲ. ಅವಳು ಗ್ರಂಥಾಲಯದಿಂದ ಪುಸ್ತಕ ತಂದು ಬೆಳಿಗ್ಗೆ ಓದಿ ಮಧ್ಯಾಹ್ನಕ್ಕೆ ಒಪ್ಪಿಸುತ್ತಿದ್ದಳು. ಬೇಸಿಗೆಯ ಮೊದಲ ದಿನದ ಹಬ್ಬಕ್ಕೆ ಎರಡು ದಿನವಿತ್ತು. ಆಕುರೇರಿ ಊರಿನ ಪುಟ ತೆರೆದಿಟ್ಟು ಕೂತಿದ್ದಾಗ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಫೋನು ಬಂತು. ಮಾತಾಡಿದವಳು ಸ್ವಾವಾಳ ಮಗಳು ಉನ್ನುರ್. ಅಮ್ಮ ಊಟದ ನಂತರ ಕುರ್ಚಿಯಲ್ಲಿ ಒರಗಿದ್ದಳು, ಹಾಗೇ ಹೋಗಿದ್ದಾಳೆ. ತೊಡೆಯ ಮೇಲೆ ಫೋನು ಇತ್ತು.

ದಾಗ್ನಿ ಪುಸ್ತಕ ಮುಚ್ಚಿದಳು. ಆಮೇಲೆ ಏನು ಮಾಡಿದಳೆಂಬುದು ಅವಳಿಗೆ ನೆನಪಿಲ್ಲ. ಸಂಜೆ ಒಲೆಯ ಮೇಲೆ ನಾಲ್ಕು ಜನಕ್ಕಾಗುವಷ್ಟು ಗಂಜಿ ಇತ್ತು.

ಸತ್ತವರ ಬಗ್ಗೆ ಗೆಳೆಯರು ಪತ್ರಿಕೆಗೆ ಬರೆದು ಕಳಿಸುವುದು ಅಲ್ಲಿನ ರೂಢಿ. ಮಂತ್ರಿಗೂ ಅದೇ, ಮೀನು ಸೀಳುವವಳಿಗೂ ಅದೇ. ತನ್ನಿಂದಾಗದು ಎಂದು ದಾಗ್ನಿ ಹೇಳಿದ್ದರಿಂದ ಓರ್ಮುರ್ ಬರೆದು, ತಪ್ಪು ತಿದ್ದಿಸಲು ತಂದ. ಅಂದು ಅವನು ನಲ್ಲಿಯ ಕಡೆ ಹೋಗಲಿಲ್ಲ.

ಒಂದೇ ಹಾಳೆ, ಕೊಳಾಯಿ ಕೆಲಸದ ಚೀಟಿಯಂತೆ ಗೀಚಿದ್ದು. ದಾಗ್ನಿ ಪೆನ್ಸಿಲ್ ಹಿಡಿದು ಕಾಗುಣಿತ ಸರಿಮಾಡುತ್ತ ಬಂದಳು. ಐದನೆಯ ಸಾಲಿನಲ್ಲಿ ಹೀಗಿತ್ತು: ಸ್ವಾವಾ ದ್ವೀಪವನ್ನು ಎರಡು ಸಲ ಸುತ್ತಿದ್ದಳು. ಅವಳ ಪೆನ್ಸಿಲ್ ಅಲ್ಲಿ ನಿಂತಿತು. ಓರ್ಮುರ್ ಕಿಟಕಿಯ ಆಚೆ ನೋಡುತ್ತಿದ್ದ.

"ಅದು ಹಾಗೇ ಇರಬಹುದಾ?" ಎಂದ.

"ಯಾಕೆ ಇರಬಾರದು?"

"ಟೆನೆರಿಫೆಗೆ ಹೋಗಿ ಬಂದ್ರೆ ಮೂರು ತಿಂಗಳು ಬರೀ ಊಟದ ಮಾತು. ನಮ್ಮ ದ್ವೀಪದಲ್ಲಿ ಒಂದೂರಲ್ಲಾದ್ರೂ ಏನು ತಿಂದೆ ಅಂತ ಅವಳು ಹೇಳಿದ್ದು ಕೇಳಿದೀಯಾ? ಸ್ವಾವಾ ಒಂದೂರಿಗೆ ಹೋಗಿ ಏನೂ ತಿನ್ನದೆ ಬರ್ತಾಳಾ?"

ಮೊದಲ ವರ್ಷವೇ ಗೊತ್ತಾಗಿತ್ತು ಎಂದ. ಅವಳು ಪ್ರತಿ ಸಲ ಕಟ್ಟುವ ಹೊಸ ಉತ್ತರ ಕೇಳಲು ಚೆನ್ನಾಗಿರುತ್ತಿತ್ತು, ಅದಕ್ಕೇ ಕೇಳುತ್ತಿದ್ದ. ಗಿಣ್ಣಿನ ಬೆಟ್ಟ ಬಂದ ದಿನ ಇದು ಯಾರ ಅಡುಗೆಮನೆಯಿಂದ ಹೊರಟದ್ದೆಂದೂ ತಿಳಿಯಿತಂತೆ. ಆರು ವರ್ಷ ಅವಳನ್ನು ಇಲ್ಲದ ಲೈಸೆನ್ಸಿನಿಂದ ಹಿಡಿದು ಹಾಕುವ ಟೋಪಿಯವರೆಗೆ ಎಲ್ಲದಕ್ಕೂ ಕಾಡಿದ ಮನುಷ್ಯ ಇದೊಂದನ್ನು ಯಾರೆದುರೂ ಬಾಯಿಗೆ ತಂದಿರಲಿಲ್ಲ.

ದಾಗ್ನಿಗೆ ಅಳು ಬಂತು. ಅವನು ಅದು ಮುಗಿಯಲಿ ಎಂದು ಕಾದ.

"ಒಂದು ಸಲ ಅಂತ ಮಾಡೋಣ್ವಾ?" ಎಂದ ಆಮೇಲೆ. "ಪೇಪರಲ್ಲಿ ಬರೋದು. ಎರಡು ಸ್ವಲ್ಪ ಜಾಸ್ತಿ ಆಯ್ತೇನೋ."

"ಅವಳು ಹೇಳಿದ್ದು ಎರಡು."

"ಹೌದು, ಹೇಳಿದ್ದೇನೋ ಎರಡು."

"ಮೂವತ್ತೈದು ವರ್ಷ ಅವಳು ಹೇಳಿದ್ದನ್ನ ಕೇಳ್ಕೊಂಡು ಇಡೀ ದೇಶ ಗಾಡಿ ಓಡಿಸಿದೆ. ನಾವಿಬ್ರು ತಿದ್ದೋದು ಬೇಡ."

ಅವಳು ಆ ಸಾಲಿನಲ್ಲಿ ಬಿಟ್ಟುಹೋಗಿದ್ದ ಒಂದು ಅಕ್ಷರ ಸೇರಿಸಿ ಮುಂದಿನ ಸಾಲಿಗೆ ಹೋದಳು. ಜೂನಿನ ಸುತ್ತಿಗೆಂದು ಊರೂರಲ್ಲಿ ಕಾದಿರಿಸಿದ್ದ ಕೋಣೆಗಳ ಮಾತನ್ನು ಇಬ್ಬರೂ ಎತ್ತಲಿಲ್ಲ. ಓರ್ಮುರ್ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಐದು ಗಂಟೆಯೊಳಗೆ ಪತ್ರಿಕೆಯವರಿಗೆ ತಲುಪಿಸಬೇಕಿತ್ತು.