ಅರ್ಧ ಬಾವಿಗೆ ಬಂದ ಶಕ್ತಿ

ನನ್ನ ಓರಗಿತ್ತಿಯ ಬಾವಿಗೆ ಶಕ್ತಿ ಬಂದಿದೆ. ನನ್ನ ಬಾವಿಗೆ ಬಂದಿಲ್ಲ. ಬಾವಿ ಒಂದೇ.

ತಲೆಬುಡ ತಿಳಿಯಲಿಲ್ಲ ಅಲ್ವಾ? ಹೇಳ್ತೇನೆ, ಕೂತ್ಕೊಳ್ಳಿ.

ಕೊಪ್ಪದಲ್ಲಿ ನನ್ನ ಮನೆ, ಗಿರಿಜೆಯ ಮನೆ ಅಕ್ಕಪಕ್ಕ. ಗಿರಿಜೆ ನನ್ನ ಮೈದುನನ ಹೆಂಡತಿ. ಮಧ್ಯೆ ಒಂದು ಗೋಡೆ. ಅದು ನೆಟ್ಟಗಿಲ್ಲ. ಓರೆಯಾಗಿ ಹೋಗಿ ಬಾವಿಯ ಬಾಯನ್ನೇ ಎರಡು ಹೋಳು ಮಾಡಿದೆ. ಈ ಕಡೆ ನನ್ನ ರಾಟೆ, ಆ ಕಡೆ ಅವಳ ರಾಟೆ. ಕೆಳಗೆ ನೀರು ಮಾತ್ರ ಒಟ್ಟಿಗೆ ಸಂಸಾರ ಮಾಡ್ತದೆ.

ಈಚೆಗೆ ಶಿವಮೊಗ್ಗದ ಕಡೆಯಿಂದ ಒಬ್ಬ ವಿಡಿಯೋದವನು ಬಂದ. ಕೈಯಲ್ಲಿ ಫೋನು, ಫೋನಲ್ಲಿ ಮ್ಯಾಪು, ಮ್ಯಾಪಿನ ಮೇಲೆ ಕೆಂಪು ಗೆರೆ. ಕೆರೆಕಟ್ಟೆ, ನೆಮ್ಮಾರ್, ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಲ್ಲವೂ ಒಂದೇ ಲೈನಿನಲ್ಲಿ ಇವೆಯಂತೆ. ಹಿಂದೆ ಯಾವುದೋ ಗುಪ್ತ ಸಂಘ ಯಾರಿಗೂ ಹೇಳದೆ ಊರುಗಳನ್ನು ಹಾಗೆ ಕೂರಿಸಿತಂತೆ. ಕೊಪ್ಪದ ಬೀದಿಗಳು ಸುಮ್ಮನೆ ಸೊಟ್ಟಗಿರೋದಲ್ಲ, ಮೇಲಿಂದ ನೋಡಿದರೆ ಚಕ್ರವಂತೆ. (ಮೇಲಿಂದ ನೋಡಿದರೆ ನಾನು ಒಣಗಿಸಿದ ಹಪ್ಪಳವೂ ಚಕ್ರವೇ.) ಆ ಚಕ್ರದ ಸೆಂಟರ್ ಎಲ್ಲಿ? ಗಿರಿಜೆಯ ಅಂಗಳದಲ್ಲಿ, ಬಾವಿಯ ಅವಳ ಅರ್ಧದಲ್ಲಿ!

ನಮ್ಮ ಸೊಟ್ಟ ಗೋಡೆಯ ಒಂದು ತುದಿ ಶೃಂಗೇರಿಗೆ, ಇನ್ನೊಂದು ತುದಿ ನರಸಿಂಹರಾಜಪುರಕ್ಕೆ ಮುಖ ಮಾಡಿದೆ ಅಂತ ವಿಡಿಯೋದಲ್ಲಿ ತೋರಿಸಿದ್ದಾನೆ. "ಇದು ಸಾಮಾನ್ಯರು ಕಟ್ಟಿಸಿದ ಗೋಡೆ ಅಲ್ಲ" ಅಂದಿದ್ದಾನೆ.

ಕಟ್ಟಿಸಿದವರು ನಾವಿಬ್ಬರು.

ಮನೆ ಹಿಸ್ಸೆ ಆಗುವಾಗ ಬಾವಿ ನನಗೆ ಬೇಕು ಅಂತ ನಾನು, ತನಗೆ ಬೇಕು ಅಂತ ಅವಳು. ಗಂಡಸರು ರಾಜಿಯಾದರೂ ನಾವು ಆಗಲಿಲ್ಲ. ಪಂಚಾಯ್ತಿಗೆ ಕೂತ ಹಿರಿಯರಿಗೆ ಊಟದ ಹೊತ್ತು ಮೀರಿತು, ಸಿಟ್ಟು ಬಂತು. "ಬಾವಿಯ ಮೇಲೇ ಗೋಡೆ ಹಾಕಿ, ಸಾಯಿರಿ" ಅಂದರು. ಬಾವಿ ಇದ್ದದ್ದು ಮೂಲೆಯಲ್ಲಿ. ಗೋಡೆ ಅಲ್ಲಿಗೆ ಓರೆಯಾಗಿ ಹೋಯ್ತು. ಗೋಡೆ ಹೋದ ಹಾಗೆ ಹೊರಗಿನ ಓಣಿಯೂ ಬಗ್ಗಿತು. ಗುಪ್ತ ಸಂಘ ಅಂತ ಏನಾದರೂ ಇದ್ದರೆ ಅದರಲ್ಲಿ ಇದ್ದದ್ದು ನಾನು ಮತ್ತು ಗಿರಿಜೆ. ಒಬ್ಬರಿಗೊಬ್ಬರು ಮಾತಾಡದ ಸಂಘ. ಗಂಡಂದಿರು ಇಬ್ಬರೂ ತೀರಿಹೋದರು, ಗೋಡೆ ಗಟ್ಟಿ ಇದೆ.

ಬೇರೆ ಊರಿನ ವಿಷಯ ನನಗೆ ಗೊತ್ತಿಲ್ಲ. ನನ್ನ ಪ್ರಕಾರ ಯಾರದ್ದೋ ಹೊಟ್ಟೆ ಉರಿದ ಜಾಗದಲ್ಲಿ ರಸ್ತೆ ತಿರುಗ್ತದೆ.

ಆದರೂ ಸೆಂಟರ್ ಅವಳ ಕಡೆಗೇ ಯಾಕೆ ಬಿತ್ತು? ಅವನು ಬಂದಾಗ ಅವಳು ಬಿಸಿ ಕಡುಬು ಹಾಕಿ ಕಾಫಿ ಕೊಟ್ಟಳು. ನಾನು ಬಾಗಿಲು ಹಾಕಿಕೊಂಡು ಮಲಗಿದ್ದೆ. ಚಕ್ರದ ನಡುಬಿಂದು ಕಾಫಿ ಇದ್ದ ಕಡೆಗೆ ಬಿತ್ತು. ಇದಕ್ಕೆ ಜಾಮಿಟ್ರಿ ಓದಬೇಕಾ?

ಪೇಟೆಯವರು ಒಂದು ಮಾತೂ ಕೇಳದೆ ನಂಬಿದರು. ಯಾಕೆ ನಂಬೋದಿಲ್ಲ? ಯಾತ್ರೆಯ ಬಸ್ಸುಗಳು ಕೊಪ್ಪದಲ್ಲಿ ನಿಲ್ಲೋದು ಉಚ್ಚೆಗೆ. ಇಳಿದವರು ಕೇಳೋದು "ಶೃಂಗೇರಿ ಇನ್ನೆಷ್ಟು ದೂರ?" ಅಂತ. ಕೊಪ್ಪ ಹೇಗಿದೆ ಅಂತ ಒಬ್ಬರಾದರೂ ಕೇಳಿದ್ದುಂಟಾ? ಹಾಗಿರುವಾಗ ನಡುಬಿಂದು ನೀವೇ ಅಂದರೆ ಯಾರಿಗೆ ಖುಷಿ ಆಗೋದಿಲ್ಲ? ಊರಿಗೆ ಊರಿನ ಮೇಲೆ ಹೊಟ್ಟೆಕಿಚ್ಚು. ನನ್ನದು ಗೋಡೆಯ ಆಚೆಗಷ್ಟೇ.

ಜನ ಬಾಟ್ಲಿ ಹಿಡಿದು ಬರತೊಡಗಿದರು. ಅವಳ ಬಾಗಿಲಲ್ಲಿ ಚಪ್ಪಲಿ ರಾಶಿ. ನನ್ನ ಬಾಗಿಲಲ್ಲಿ ಬೆಕ್ಕು. ನನಗೆ ಬೇಕಾದದ್ದು ಇಷ್ಟೇ, ಒಬ್ಬರಾದರೂ ನನ್ನ ಕಡೆಯಿಂದ ನೀರು ಒಯ್ಯಬೇಕು.

ಓಣಿಗೆ ಬಂದು ಕೂಗಿಯೇ ಬಿಟ್ಟೆ. "ಈ ಕಡೆಯೂ ಅದೇ ನೀರು ಮಾರಾಯ್ರೇ, ಇಲ್ಲಿ ಕ್ಯೂ ಇಲ್ಲ, ಬನ್ನಿ!"

ಹಿರೇಕೊಡಿಗೆಯಿಂದ ಬಂದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀರು ಅದೇ ಇರಬಹುದು ಅಮ್ಮ. ಪವರ್ ಆ ಕಡೆ ಅಲ್ವಾ?"

ಮೈಯೆಲ್ಲ ಉರಿಯಿತು. ವಿಡಿಯೋದವನಿಗೇ ಫೋನ್ ಹಚ್ಚಿಸಿದೆ.

"ಅಲ್ಲಪ್ಪಾ, ನಿನ್ನ ಲೈನು ಎಷ್ಟು ದಪ್ಪ?"

"ಲೈನಿಗೆ ದಪ್ಪ ಇರೋದಿಲ್ಲ ಅಜ್ಜಿ."

"ಹಾಗಾದ್ರೆ ಸ್ವಲ್ಪ ಈ ಕಡೆ ಸರಿಸು. ಯಾರಿಗೆ ಗೊತ್ತಾಗ್ತದೆ?"

ಬೈತಾನೆ ಅಂದ್ಕೊಂಡಿದ್ದೆ. ಅವನು ಯೋಚನೆ ಮಾಡಿದ! "ಎರಡನೇ ಬಿಂದು ಸಿಕ್ಕಿದೆ ಅಂತ ಹೊಸ ವಿಡಿಯೋ ಮಾಡಬಹುದು ಅಜ್ಜಿ. ಭಾನುವಾರ ಬರ್ತೇನೆ." ನೋಡಿ, ಪೂರ್ವಜರ ರಹಸ್ಯ ಒಂದು ಫೋನಿಗೆ ಸರಿದು ಕೂತಿತು. (ಕಡುಬಿಗೆ ಅಕ್ಕಿ ರುಬ್ಬಲು ನಾನೂ ತಯಾರಾದೆ.)

ಗಿರಿಜೆಯ ಕಿವಿ ಗೋಡೆಯಲ್ಲೇ ಇರೋದು. ಸಂಜೆ ನೀರು ಸೇದುವಾಗ ಆ ಕಡೆಯಿಂದ ದನಿ ಬಂತು.

"ಅಕ್ಕಾ."

ಎಷ್ಟು ವರ್ಷ ಆಗಿತ್ತೋ ಆ ಬಾಯಲ್ಲಿ ಆ ಮಾತು ಬರದೆ. "ಎಂತ?" ಅಂದೆ.

"ಬಂದವರಿಗೆಲ್ಲ ಸೇದಿ ಕೊಟ್ಟು ನನ್ನ ಭುಜ ಹೋಯ್ತು. ಅವನನ್ನು ಪುನಃ ಕರೆಸಬೇಡ ಮಾರಾಯ್ತಿ. ಗೋಡೆ ಒಡೆಸಿಬಿಡುವ. ಬಾವಿ ಪೂರ್ತಿ ಆಗ್ತದೆ, ಇಬ್ಬರೂ ಸೇದುವ."

ಮಾತು ಸರಿಯೇ. ಹಗ್ಗ ಹಿಡಿದುಕೊಂಡೇ ಯೋಚಿಸಿದೆ. "ಆಮೇಲೆ ಬಂದವರು ಯಾರ ಬಾವಿ ಅಂತ ಕೇಳಿದ್ರೆ ಎಂತ ಹೇಳ್ತೀ?"

"ನಮ್ಮದು ಅಂತ."

ನಾನು ಕೊಡಪಾನ ಎತ್ತಿಕೊಂಡು ಒಳಗೆ ಬಂದೆ. ಭಾನುವಾರ ಅವನು ಬರ್ತಾನೆ, ಬರಲಿ. ಅಲ್ಲಾ, ನೀವೇ ಹೇಳಿ, ನಮ್ಮದು ಅಂದ ಮೇಲೆ ಅದರಲ್ಲಿ ನನ್ನದು ಯಾವುದು?