ಕಣ್ಣಿಲ್ಲದ ಸೂಜಿ

ಶ್ರಾವಣದ ಎರಡನೇ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸರಸಂಬಾದ ಸಮುದಾಯ ಭವನದಲ್ಲಿ ಉಣ್ಣೆಯ ಕುರಿಗೊಂಬೆ ಮಾಡಲು ಕಲಿಯಲು ಆರು ಹೆಂಗಸರು ಸೇರಿದ್ದರು; ಕಲಿಸುವವಳು ನಾನು. ಹಿಂದೆ ಕಂಬಳಿಗೆ ಉಣ್ಣೆ ನೂಲುತ್ತಿದ್ದ ನನ್ನ ನೆರೆಮನೆಯ ಹೆಂಗಸೊಬ್ಬರೂ ಅವರಲ್ಲಿದ್ದರು. ಹೆಬ್ಬೆರಳು ಮಡಚದಂತಾದ ಮೇಲೆ ಅವರು ಉಣ್ಣೆ ಮುಟ್ಟಿರಲಿಲ್ಲ; ಉಣ್ಣೆಯ ಕೆಲಸ ಮತ್ತೆ ಕೈಗೆ ಹತ್ತುತ್ತದೆಯೇ ಎಂದು ಅವರಿಗೆ ನೋಡಬೇಕಿತ್ತು.

ನಾನು ಕೊಟ್ಟ ಸೂಜಿಯನ್ನು ಅವರು ಬೆಳಕಿಗೆ ಹಿಡಿದರು. "ಇದಕ್ಕ ಕಣ್ಣೇ ಇಲ್ಲಲ್ರೀ ಅಕ್ಕಾ, ದಾರ ಎಲ್ಲಿ ಪೋಣಿಸ್ಲಿ?"

"ದಾರ ಬ್ಯಾಡ್ರಿ. ಸುಮ್ನ ಚುಚ್ಚಿದ್ರ ಉಣ್ಣಿ ಗಟ್ಟಿ ಆಗ್ತದ."

"ತಡೀರಿ, ನೋಡೂಣು." ಹೊಸದೇನು ಕಂಡರೂ ಅವರದು ಇದೇ ಮಾತು. ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದು ಉಣ್ಣೆಯ ಉಂಡೆಗೆ ಚುಚ್ಚತೊಡಗಿದರು. ಹೆಬ್ಬೆರಳು ಬೇಕಾಗಲೇ ಇಲ್ಲ.

ಹನ್ನೆರಡಕ್ಕೆ ತರಗತಿ ಮುಗಿದಾಗ ಉಳಿದವರೆಲ್ಲ ನನಗೆ ಸೂಜಿ ಒಪ್ಪಿಸಿದರು. ಅವರು ಮಾತ್ರ ಕೊಡಲಿಲ್ಲ.

"ಒಂದು ಕಿವಿ ಬಾಕಿ ಅದರಿ. ನನ್ನ ಕುರಿನ ಕಿವುಡ ಮಾಡಿ ಕಳಸ್ತೀರೇನು?"

ಸೂಜಿಯ ಡಬ್ಬಿ ತೆರೆದಿಟ್ಟುಕೊಂಡು ಕಾದೆ. ಕಿವಿ ಕೂತ ಮೇಲೆ ಅವರ ಸೂಜಿಯನ್ನೂ ಇಟ್ಟು ಮುಚ್ಚಿದೆ.